ವಿಮಾನಯಾನದ ಹಿರಿಯರಿಗೆ ಹುಬ್ಬಳ್ಳಿಯಲ್ಲೊಂದು ಗೌರವದ ದಿನ: ಯಾರನ್ನು, ಹೇಗೆ ನೆನೆಯೋಣ?

ಹುಬ್ಬಳ್ಳಿ, ನಿವೃತ್ತ ರೈಲ್ವೆ ವರ್ಕ್‌ಶಾಪ್ ನೌಕರ

ಬರುವ ಡಿಸೆಂಬರ್ 17ರಂದು ನಮ್ಮ ಓಣಿಯ ವಾಚನಾಲಯದ ಎದುರಿನ ಬಯಲಿನಲ್ಲಿ ವಿಮಾನಯಾನಕ್ಕೆ ದುಡಿದವರನ್ನು ಗೌರವಿಸುವ ಒಂದು ದಿನದ ಕಾರ್ಯಕ್ರಮ ಮಾಡಬೇಕೆಂದು ನಾವು ಏಳೆಂಟು ಜನ ಕೂಡಿ ಮಾತಾಡಿದ್ದೇವೆ. 1903ರ ಅದೇ ದಿನ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸಹೋದರರು ಅಮೆರಿಕದ ಕಿಟ್ಟಿ ಹಾಕ್ ಸಮೀಪದ ಮರಳ ದಿಬ್ಬಗಳ ಬಳಿ ತಮ್ಮ ಯಂತ್ರವನ್ನು ಹಾರಿಸಿದರು. ಮೊದಲ ಹಾರಾಟ ಕೇವಲ 12 ಸೆಕೆಂಡು, ಸುಮಾರು 36 ಮೀಟರು. ನಮ್ಮ ಹುಬ್ಬಳ್ಳಿ ಮಂದಿಗೆ ತಿಳಿಯುವ ಹಾಗೆ ಹೇಳಬೇಕೆಂದರೆ, ಪ್ಲಾಟ್‌ಫಾರ್ಮಿನಲ್ಲಿ ನಿಂತ ರೈಲಿನ ಎರಡು ಡಬ್ಬಿಗಳ ಉದ್ದವೂ ಅಲ್ಲ. ಅಂದೇ ನಡೆದ ನಾಲ್ಕನೆಯ ಹಾರಾಟ 59 ಸೆಕೆಂಡು ಗಾಳಿಯಲ್ಲಿದ್ದು ಸುಮಾರು 260 ಮೀಟರು ಸಾಗಿತು.

ನಮ್ಮ ಮುಂದಿರುವ ಪ್ರಶ್ನೆ ಎಂದರೆ ನಮ್ಮ ಭಾಗದವರೆಂದು ಯಾರನ್ನು ಗೌರವಿಸಬೇಕು ಎಂಬುದು. ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಹೆಸರನ್ನು ಹೆಚ್ಚಿನವರು ಸೂಚಿಸಿದ್ದಾರೆ. ಅವರು ಹುಬ್ಬಳ್ಳಿಯವರಲ್ಲ, ಗೊರೂರಿನವರು. ಆದರೆ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ ಸೇನೆ ಸೇರಿದವರು, 1971ರ ಯುದ್ಧವನ್ನು ಕಂಡವರು, ಸೇನೆ ಬಿಟ್ಟು ಬಂದು ಹಾಸನ ಜಿಲ್ಲೆಯಲ್ಲಿ ಹೊಲ ಮಾಡಿ ರೇಷ್ಮೆ ಬೆಳೆದವರು. ಮೊದಲು ಹೆಲಿಕಾಪ್ಟರ್ ಸೇವೆ ಆರಂಭಿಸಿ, 2003ರಲ್ಲಿ ಏರ್ ಡೆಕ್ಕನ್ ಕಟ್ಟಿ, ಹುಬ್ಬಳ್ಳಿಯಂಥ ಊರುಗಳ ಸಾಮಾನ್ಯರಿಗೂ ವಿಮಾನದ ಮೆಟ್ಟಿಲು ಹತ್ತಿಸಿದವರು. ನನ್ನ ತಾಯಿ ತನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಅಂಥದೇ ಒಂದು ಸಣ್ಣ ವಿಮಾನದಲ್ಲಿ ಬೆಂಗಳೂರಿಗೆ ಹೋದಳು. ಸೀಟಿನಲ್ಲಿ ಕೂತವಳು ಸೆರಗಿನ ಗಂಟಿನಿಂದ ಸಿದ್ಧಾರೂಢರ ಮಠದ ಭಸ್ಮ ತೆಗೆದು ಮೊದಲು ತನ್ನ ಹಣೆಗೆ, ಆಮೇಲೆ ಎದುರಿನ ಸೀಟಿನ ಬೆನ್ನಿಗೆ ಹಚ್ಚಿದಳು. ವಿಮಾನವೂ ಸುಖವಾಗಿ ಮುಟ್ಟಬೇಕಲ್ಲ ಎಂದು ಆಕೆಯ ಎಣಿಕೆ.

ನಿಮ್ಮ ನಿಮ್ಮ ವಿಚಾರ ತಿಳಿಸಿರಿ. ಹೊಗಳಿಕೆಯ ಭಾಷಣಗಳಿಗಿಂತ ಮಕ್ಕಳು ಏನಾದರೂ ಕಲಿತು ಹೋಗಬೇಕೆಂಬುದು ನಮ್ಮ ಆಸೆ.

ಧಾರವಾಡ, ಭೌತಶಾಸ್ತ್ರದ ಅಧ್ಯಾಪಕಿ

ವಿಚಾರ ಬಹಳ ಒಳ್ಳೆಯದು. ಒಂದು ಊರು ತನ್ನ ವಿಮಾನಯಾನದ ಹಿರಿಯರನ್ನು ಹೇಗೆ ಗೌರವಿಸಿತು ಎಂಬುದಕ್ಕೆ ರೈಟ್ ಸಹೋದರರ ಊರಾದ ಡೇಟನ್ನಿನ ಉದಾಹರಣೆಯೇ ನಮ್ಮ ಕಣ್ಣ ಮುಂದಿದೆ. ಅವರು ಮೊದಲು ಹಾರಿದಾಗ ಊರವರು ಅಷ್ಟಾಗಿ ಗಮನಿಸಲಿಲ್ಲ. ವಿಲ್ಬರ್ 1908ರಲ್ಲಿ ಫ್ರಾನ್ಸಿಗೆ ಹೋಗಿ ಎಲ್ಲರ ಎದುರು ಹಾರಿ ತೋರಿಸಿದ ಮೇಲೆ ಜಗತ್ತು ಮೆಚ್ಚಿತು, ಜಗತ್ತು ಮೆಚ್ಚಿದ ಮೇಲೆ ಊರೂ ಎಚ್ಚೆತ್ತಿತು. 1909ರ ಜೂನ್ 17 ಮತ್ತು 18ರಂದು ಡೇಟನ್ನಿನಲ್ಲಿ ಎರಡು ದಿನ ಊರಹಬ್ಬವೇ ನಡೆಯಿತು. ಗಂಟೆಗಳು ಮೊಳಗಿದವು, ಕಾರ್ಖಾನೆಗಳ ಭೋಂಗಾಗಳು ಕೂಗಿದವು, ಪದಕಗಳನ್ನು ನೀಡಿದರು. ಸುಮಾರು 2,500 ಶಾಲಾಮಕ್ಕಳು ಕೆಂಪು, ಬಿಳಿ, ನೀಲಿ ಬಟ್ಟೆ ತೊಟ್ಟು ಅಮೆರಿಕದ ಬಾವುಟದ ಆಕಾರದಲ್ಲಿ ನಿಂತು ಹಾಡಿದರು.

ಆ ಎರಡು ದಿನಗಳಲ್ಲಿ ಸಹೋದರರು ಮಾಡಿದ್ದೇನೆಂದರೆ, ಒಂದು ಸಮಾರಂಭಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಸಿಕ್ಕಾಗಲೆಲ್ಲ ತಮ್ಮ ಸೈಕಲ್ ಅಂಗಡಿಗೆ ಹೋಗಿ ಕೆಲಸಕ್ಕೆ ಕೂತದ್ದು. ಮುಂದಿನ ತಿಂಗಳು ಸೇನೆಯ ಮುಂದೆ ಹಾರಿ ತೋರಿಸಬೇಕಾದ ಯಂತ್ರದ ಕೆಲಸ ಬಾಕಿಯಿತ್ತು. ಹುಬ್ಬಳ್ಳಿಯಲ್ಲಿ ಪೆಂಡಾಲು ಹಾಕುವುದಾದರೆ ಅದರ ಒಂದು ಮೂಲೆಯಲ್ಲಿ ಆ ಅಂಗಡಿಯೂ ಇರಬೇಕೆಂದು ನನ್ನ ಬೇಡಿಕೆ. ಸೈಕಲ್ಲಿನ ಚೈನು, ಮರದ ಪ್ರೊಪೆಲರ್, ಬಟ್ಟೆ ಹೊದಿಸಿದ ರೆಕ್ಕೆ, ಇವನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡಬೇಕು.

ಗದಗ, ಎಂಜಿನಿಯರಿಂಗ್ ವಿದ್ಯಾರ್ಥಿ

ಹಿರಿಯರ ಮಾತಿಗೆ ಗೌರವವಿಟ್ಟೇ ಕೇಳುತ್ತೇನೆ, ರೈಟ್ ಸಹೋದರರಿಗಿಂತ ಮೊದಲೇ ನಮ್ಮವರಿಗೆ ವಿಮಾನ ಗೊತ್ತಿತ್ತು ಎಂಬುದನ್ನು ನಾವೇಕೆ ಹೇಳಬಾರದು? ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಕನ್ನಡ ನಾಡಿನವರೇ. ಅವರು ಹೇಳಿದ ವೈಮಾನಿಕ ಶಾಸ್ತ್ರದಲ್ಲಿ ಹಲವು ಬಗೆಯ ವಿಮಾನಗಳ ವರ್ಣನೆ ಇದೆ ಎಂದು ಓದಿದ್ದೇನೆ. ಮುಂಬಯಿಯಲ್ಲಿ ತಳಪದೆ ಎಂಬವರು 1895ರಲ್ಲಿಯೇ ವಿಮಾನ ಹಾರಿಸಿದ್ದರೆಂಬ ಮಾತೂ ಇದೆ. ಇವರ ಚಿತ್ರಗಳನ್ನು ವೇದಿಕೆಯ ಮೇಲಿಟ್ಟರೆ ನಮ್ಮ ಮಕ್ಕಳಿಗೆ ಹೆಮ್ಮೆ ಬರುವುದಿಲ್ಲವೇ?

ಧಾರವಾಡ, ಭೌತಶಾಸ್ತ್ರದ ಅಧ್ಯಾಪಕಿ

ತಮ್ಮಾ, ನಿನ್ನ ಪ್ರಶ್ನೆ ಕೇಳಬೇಕಾದದ್ದೇ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು 1974ರಲ್ಲಿ ಈ ಗ್ರಂಥವನ್ನೇ ಎದುರಿಗಿಟ್ಟುಕೊಂಡು ಅಧ್ಯಯನ ಮಾಡಿದರು. ಅವರು ಹೊರಗಿನವರಲ್ಲ, ಸಂಸ್ಕೃತವನ್ನು ಹಗುರವಾಗಿ ಕಂಡವರೂ ಅಲ್ಲ. ಗ್ರಂಥದ ಭಾಷೆ, ಛಂದಸ್ಸು ಮತ್ತು ಅದು ಬೆಳಕಿಗೆ ಬಂದ ರೀತಿಯನ್ನು ಪರಿಶೀಲಿಸಿ, ಅದು ಪ್ರಾಚೀನವಲ್ಲ, 20ನೆಯ ಶತಮಾನದ ಆರಂಭದ ರಚನೆ ಎಂಬ ನಿರ್ಣಯಕ್ಕೆ ಬಂದರು. ಅದರಲ್ಲಿರುವ ಆಕೃತಿಗಳನ್ನು ತೂಕ, ಆಕಾರ ಮತ್ತು ಗಾಳಿಯ ಒತ್ತಡದ ಲೆಕ್ಕಕ್ಕೆ ಹಚ್ಚಿ ನೋಡಿ, ಅವು ಹಾರಲಾರವು ಎಂದು ತೋರಿಸಿದರು. ತಳಪದೆಯವರ ವಿಷಯದಲ್ಲಿಯೂ ಮನುಷ್ಯರು ಕೂತ ಯಂತ್ರ ಹಾರಿತೆಂಬುದಕ್ಕೆ ಆ ಕಾಲದ ಗಟ್ಟಿ ದಾಖಲೆ ಇಲ್ಲ.

ಈಗ ಹೆಮ್ಮೆಯ ಮಾತು. ನಮ್ಮ ಊರಿನ ಐವತ್ತು ಮಕ್ಕಳ ಮುಂದೆ ನಾವು ಒಂದು ಚಿತ್ರವಿಟ್ಟು, ಇದು ಹಾರಿತು ಎಂದು ಹೇಳಿದರೆ, ಅವರಲ್ಲಿ ಒಬ್ಬಳಾದರೂ ಮುಂದೆ ಎಂಜಿನಿಯರಾಗಿ ಲೆಕ್ಕ ಹಾಕಿಯೇ ಹಾಕುತ್ತಾಳೆ. ಆ ದಿನ ಅವಳು ನಾವು ಹೇಳಿದ ಉಳಿದ ನಿಜಗಳನ್ನೂ ಅನುಮಾನಿಸುತ್ತಾಳೆ. ಆ ಐವರು ಲೆಕ್ಕ ಹಾಕಿದ್ದು ಕೂಡ ನಮ್ಮ ನಾಡಿನ ನೆಲದಲ್ಲಿ ನಡೆದ ಕೆಲಸವೇ, ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ನಮ್ಮ ನಾಡಿನದೇ ಬೇಕೆಂದರೆ ದಾಖಲೆಯಿರುವ ಸಂಗತಿಗಳು ಬೇಕಾದಷ್ಟಿವೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಟಪಾಲು ತಂದರು. ದಾರಿಯಲ್ಲಿ ಅಹಮದಾಬಾದಿನಲ್ಲಿ ಇಳಿದಾಗ ವಿಮಾನಕ್ಕೆ ಬೇಕಾದ ಪೆಟ್ರೋಲು ಡಬ್ಬಿಗಳಲ್ಲಿ ಎತ್ತಿನ ಗಾಡಿಯ ಮೇಲೆ ಬಂತು. ಮುಂಬಯಿಯಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದೇ ಟಪಾಲನ್ನು ಮದ್ರಾಸಿಗೆ ಒಯ್ದರು, ನಮ್ಮ ಬಳ್ಳಾರಿಯ ಮೂಲಕ. ಏರ್ ಇಂಡಿಯಾ ಎಂದು ಬೆಳೆದ ಸಂಸ್ಥೆಯ ಮೊಟ್ಟಮೊದಲ ದಾರಿಯಲ್ಲಿಯೇ ಬಳ್ಳಾರಿ ಒಂದು ನಿಲ್ದಾಣವಾಗಿತ್ತು. ಗದಗಿನಿಂದ ಬಳ್ಳಾರಿ ಎಷ್ಟು ದೂರ, ನೀನೇ ಹೇಳು.

ಹಾವೇರಿ, ಪ್ರಾಥಮಿಕ ಶಾಲೆಯ ಶಿಕ್ಷಕಿ

ನಾನು ಒಂದು ಹೆಸರು ಸೇರಿಸುತ್ತೇನೆ, ಉಷಾ ಸುಂದರಂ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಶುರುವಾದ ಆರಂಭದ ದಿನಗಳಲ್ಲಿಯೇ ಅಲ್ಲಿ ಕಲಿತು ಪೈಲಟ್ ಆದ ಮಹಿಳೆ ಅವರು. 1951ರಲ್ಲಿ ಪತಿಯೊಂದಿಗೆ ಡವ್ ಎಂಬ ವಿಮಾನವನ್ನು ಇಂಗ್ಲೆಂಡಿನಿಂದ ಭಾರತಕ್ಕೆ 27 ಗಂಟೆಗಳಲ್ಲಿ ಹಾರಿಸಿ ತಂದರು. ನನ್ನ ತರಗತಿಯಲ್ಲಿ ವಿಮಾನದ ಚಿತ್ರ ಬರೆಯಲು ಹೇಳಿದರೆ ಹುಡುಗಿಯರು ಕಿಟಕಿಯಲ್ಲಿ ತಮ್ಮನ್ನು ಬರೆಯುತ್ತಾರೆ, ಹುಡುಗರು ಮುಂದಿನ ಕೋಣೆಯಲ್ಲಿ. ಹೋದ ವರ್ಷ ಉಷಾ ಅವರ ಕಥೆ ಹೇಳಿ ಒಂದು ವಾರದ ಮೇಲೆ ಮತ್ತೆ ಬರೆಸಿದೆ. ಐದನೆಯ ತರಗತಿಯ ಒಬ್ಬ ಹುಡುಗಿ ವಿಮಾನದ ಮೂತಿಯಲ್ಲಿ ಎರಡು ಜಡೆ ಬರೆದಳು, ಒಂದೊಂದಕ್ಕೂ ಕೆಂಪು ರಿಬ್ಬನ್ನು. ಆ ಹಾಳೆ ನನ್ನ ಕಪಾಟಿನಲ್ಲಿದೆ, ಪ್ರದರ್ಶನಕ್ಕೆ ತರುತ್ತೇನೆ.

ಗೌರವಕ್ಕೆ ಶಾಲು, ಹಣ್ಣಿನ ಬುಟ್ಟಿ ಎಲ್ಲೆಡೆ ಇದ್ದದ್ದೇ. ನಾವು ಹಾವೇರಿಯಿಂದ ಏಲಕ್ಕಿ ಹಾರಗಳನ್ನು ತರುತ್ತೇವೆ. ಅದರ ವೆಚ್ಚ ನಮಗಿರಲಿ. ಯಾರ ಕೊರಳಿಗೆ ಎಂಬುದನ್ನು ಮಾತ್ರ ಮೊದಲೇ ತಿಳಿಸಿರಿ.

ಕುಂದಗೋಳದವನು, ಈಗ ಬೆಂಗಳೂರಿನಲ್ಲಿ ವಿಮಾನ ನಿರ್ವಹಣಾ ತಂತ್ರಜ್ಞ

ಯಾರ ಕೊರಳಿಗೆ ಎಂದು ಅಕ್ಕನವರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ರೈಟ್ ಸಹೋದರರ ಎಂಜಿನ್ನನ್ನು ಮಾಡಿದವರು ಯಾರೆಂದು ನಮ್ಮ ಶಾಲೆಯ ಪುಸ್ತಕಗಳಲ್ಲಿ ನಾನು ಓದಿರಲಿಲ್ಲ, ಈ ಕೆಲಸಕ್ಕೆ ಬಂದ ಮೇಲೆ ತಿಳಿಯಿತು. ಅವರ ಹೆಸರು ಚಾರ್ಲಿ ಟೇಲರ್. ಸಹೋದರರ ಸೈಕಲ್ ಅಂಗಡಿಯಲ್ಲಿ ದುಡಿಯುತ್ತಿದ್ದ ಮೆಕ್ಯಾನಿಕ್. ಬೇಕಾದ ತೂಕಕ್ಕೆ, ಬೇಕಾದ ಶಕ್ತಿಗೆ ಎಂಜಿನ್ ಮಾಡಿಕೊಡಲು ಕಂಪನಿಗಳು ಮುಂದೆ ಬರದಿದ್ದಾಗ, ಒಂದು ಲೇಥು, ಒಂದು ಡ್ರಿಲ್ಲಿಂಗ್ ಯಂತ್ರ ಮತ್ತು ಕೈ ಸಲಕರಣೆಗಳಿಂದ, ಅಲ್ಯೂಮಿನಿಯಂ ಎರಕದ ಕವಚವಿಟ್ಟು, ಸುಮಾರು 12 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಆರು ವಾರಗಳಲ್ಲಿ ಮಾಡಿ ಮುಗಿಸಿದರು. ವಿಸ್ತಾರವಾದ ನಕ್ಷೆಯೂ ಇರಲಿಲ್ಲ. ಒಂದೊಂದು ಭಾಗವನ್ನು ಕಾಗದದ ಮೇಲೆ ಗೀಚಿ, ಅದನ್ನು ಬೆಂಚಿನ ಮೇಲೆ ಮೊಳೆಗೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರಂತೆ. ಹುಬ್ಬಳ್ಳಿಯ ವರ್ಕ್‌ಶಾಪಿನ ಫಿಟ್ಟರುಗಳಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಟೇಲರ್ 1955ರ ಹೊತ್ತಿಗೆ ಲಾಸ್ ಏಂಜಲಿಸ್ಸಿನ ಆಸ್ಪತ್ರೆಯೊಂದರ ಧರ್ಮಾರ್ಥ ವಾರ್ಡಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಮಲಗಿದ್ದರು. ಸುದ್ದಿ ತಿಳಿದ ವಿಮಾನ ಉದ್ಯಮದವರು ಹಣ ಕೂಡಿಸಿ ಬೇರೆಡೆ ಸಾಗಿಸಿದರು, 1956ರ ಜನವರಿಯಲ್ಲಿ ತೀರಿಕೊಂಡರು. ಈಗ ಅಮೆರಿಕದಲ್ಲಿ ಅವರು ಹುಟ್ಟಿದ ಮೇ 24ನ್ನು ವಿಮಾನ ನಿರ್ವಹಣಾ ತಂತ್ರಜ್ಞರ ದಿನವೆಂದು ಆಚರಿಸುತ್ತಾರೆ. ಬದುಕಿದ್ದಾಗ ಸಿಗದ ಹಾರ ಅದು.

ನನ್ನ ಕೆಲಸದ ಬಗ್ಗೆಯೂ ನಾಲ್ಕು ಮಾತು ಹೇಳುತ್ತೇನೆ, ಏಕೆಂದರೆ ಇದು ಪ್ರಯಾಣಿಕರಿಗೆ ಕಾಣುವುದಿಲ್ಲ. ಬೆಳಗಿನ ಮೊದಲ ವಿಮಾನ ಹೊರಡುವ ಮುನ್ನ, ಎಲ್ಲರೂ ಮಲಗಿರುವ ಹೊತ್ತಿನಲ್ಲಿ, ನಾವು ಟಾರ್ಚು ಹಿಡಿದು ಒಂದು ಸುತ್ತು ಬರುತ್ತೇವೆ. ಟೈರಿನಲ್ಲಿ ಸೀಳು, ಎಂಜಿನ್ನಿನ ಬ್ಲೇಡಿನಲ್ಲಿ ಕಚ್ಚು, ಕೆಳಗೆ ಎಲ್ಲಾದರೂ ಎಣ್ಣೆಯ ಹನಿ ಇದೆಯೇ ಎಂದು ನೋಡಬೇಕು. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಸವರಿ ನೋಡುತ್ತೇವೆ. ಕೆಲಸ ಮುಗಿದ ಮೇಲೆ ಸಲಕರಣೆಯ ಪೆಟ್ಟಿಗೆ ತೆರೆದು ಎಣಿಸಬೇಕು. ಪೆಟ್ಟಿಗೆಯೊಳಗಿನ ಸ್ಪಂಜಿನಲ್ಲಿ ಪ್ರತಿ ಪಾನೆಗೂ ಅದರದೇ ಆಕಾರದ ಗುಳಿ ಕೊರೆದಿರುತ್ತದೆ. ಒಂದು ಗುಳಿ ಖಾಲಿ ಇದ್ದರೂ ವಿಮಾನ ಕದಲುವಂತಿಲ್ಲ, ಆ ಪಾನೆ ಸಿಗುವ ತನಕ ಹುಡುಕಲೇಬೇಕು. ಒಂದು ರಾತ್ರಿ ಹತ್ತು ಮಿಲಿಮೀಟರಿನ ಸಾಕೆಟ್ಟೊಂದಕ್ಕಾಗಿ ನಾವು ನಾಲ್ವರು ಎರಡು ಗಂಟೆ ಹುಡುಕಿದ್ದೇವೆ. ಕೊನೆಗೆ ಅದು ನನ್ನದೇ ಜಾಕೀಟಿನ ಹರಿದ ಒಳಜೇಬಿನೊಳಗೆ ಇಳಿದಿತ್ತು. ಮರುದಿನವೇ ಅಮ್ಮನಿಂದ ಆ ಜೇಬನ್ನು ಹೊಲಿಸಿಕೊಂಡೆ.

ಏಲಕ್ಕಿ ಹಾರಗಳಲ್ಲಿ ಒಂದನ್ನು ದಯವಿಟ್ಟು ಒಬ್ಬ ಮೆಕ್ಯಾನಿಕ್‌ಗೆ ಇಡಿರಿ.

ಹುಬ್ಬಳ್ಳಿ, ವ್ಯಾಪಾರಸ್ಥ

ಎಲ್ಲವೂ ಸರಿ. ಆದರೂ ಒಂದು ಅಡ್ಡ ಪ್ರಶ್ನೆ ಕೇಳದೆ ಇರಲಾರೆ. ಏರ್ ಡೆಕ್ಕನ್ ನಷ್ಟದಲ್ಲಿ ನಡೆದು ಕೊನೆಗೆ ಕಿಂಗ್‌ಫಿಷರ್ ಜೊತೆ ವಿಲೀನವಾಯಿತು, ಆ ಕಿಂಗ್‌ಫಿಷರ್ ಕೂಡ 2012ರಲ್ಲಿ ಹಾರಾಟ ನಿಲ್ಲಿಸಿತು. ಉಳಿಯದ ಕಂಪನಿಯನ್ನು ಕಟ್ಟಿದವರನ್ನು ಮಾರ್ಗದರ್ಶಕರೆಂದು ಗೌರವಿಸುವುದು ಎಷ್ಟು ಸರಿ? ವ್ಯಾಪಾರದಲ್ಲಿರುವ ನಮಗೆ ಲೆಕ್ಕ ಮುಖ್ಯ.

ಹುಬ್ಬಳ್ಳಿ, ನಿವೃತ್ತ ರೈಲ್ವೆ ವರ್ಕ್‌ಶಾಪ್ ನೌಕರ

ಲೆಕ್ಕವನ್ನೇ ನೋಡೋಣ. ಏರ್ ಡೆಕ್ಕನ್ ಬರುವ ಮುಂಚೆ ವಿಮಾನದಲ್ಲಿ ಓಡಾಡುವವರೆಂದರೆ ಸಾಹೇಬರು, ಶಾಸಕರು, ದೊಡ್ಡ ಕಂಪನಿಯವರು. ವಿಮಾನದೊಳಗೆ ಊಟ ಕೊಡುವುದು ಬಿಟ್ಟು, ಸೀಟುಗಳನ್ನು ಹೆಚ್ಚಿಸಿ, ಟಿಕೇಟನ್ನು ಇಂಟರ್‌ನೆಟ್ಟಿನಲ್ಲಿ ಮಾರಿ, ವಿಮಾನ ನೆಲದ ಮೇಲೆ ಸುಮ್ಮನೆ ನಿಲ್ಲದಂತೆ ಓಡಿಸಿ ದರ ಇಳಿಸುವ ಪದ್ಧತಿಯನ್ನು ಈ ದೇಶಕ್ಕೆ ಮೊದಲು ತಂದವರು ಅವರು. ಮುಂಚಿತವಾಗಿ ಕಾಯ್ದಿರಿಸಿದ ಕೆಲವರಿಗೆ ಒಂದು ರೂಪಾಯಿಗೂ ಟಿಕೇಟು ಸಿಕ್ಕಿದ್ದುಂಟು. ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನೇ ಆ ಕಂಪನಿಯ ಗುರುತಾಗಿದ್ದ. ಕಂಪನಿ ಉಳಿಯಲಿಲ್ಲ ಎಂಬುದು ನಿಜ, ಅದನ್ನು ಕಾರ್ಯಕ್ರಮದಲ್ಲಿ ಮುಚ್ಚಿಡಬಾರದು. ಆದರೆ ಸಣ್ಣ ಊರುಗಳಿಗೆ ಕೈಗೆಟುಕುವ ದರದಲ್ಲಿ ವಿಮಾನ ಹೋಗಬೇಕೆಂಬ ಅದೇ ವಿಚಾರ 2016ರಲ್ಲಿ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಾಗಿ ಬಂತು. ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿಯ ಮಿತಿಯನ್ನು ಆ ಯೋಜನೆಯಲ್ಲಿಟ್ಟರು. ನಮ್ಮ ನಿಲ್ದಾಣಕ್ಕೂ ಅದರಿಂದ ಹೊಸ ದಾರಿಗಳು ತೆರೆದವು.

ಹಿಂದೆ ನಮ್ಮ ರನ್‌ವೇ ಗಿಡ್ಡದಾಗಿತ್ತು, ಪ್ರೊಪೆಲರ್ ಇರುವ ಎಟಿಆರ್‌ನಂಥ ಸಣ್ಣ ವಿಮಾನಗಳೇ ಇಳಿಯುತ್ತಿದ್ದವು. ಈಗ ಅದು 2,600 ಮೀಟರು, 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ಕೂಡ ಉದ್ಘಾಟನೆಯಾಯಿತು. ಆ ಸಣ್ಣ ವಿಮಾನಗಳಲ್ಲಿ ಜನ ತುಂಬಿ ಹೋಗದಿದ್ದರೆ ಈ ರನ್‌ವೇಯನ್ನು ಉದ್ದ ಮಾಡಿರೆಂದು ಕೇಳಲು ನಮ್ಮ ಬಳಿ ಯಾವ ಆಧಾರವಿರುತ್ತಿತ್ತು? ನನ್ನ ತಾಯಿಯಂಥವರು ಸೀಟಿನಲ್ಲಿ ಕೂತದ್ದೇ ಆ ಆಧಾರ ಎಂದು ನಾನು ತಿಳಿದಿದ್ದೇನೆ.

ಹುಬ್ಬಳ್ಳಿ, ವ್ಯಾಪಾರಸ್ಥ

ಒಪ್ಪಿದೆ. ಪೆಂಡಾಲು ಮತ್ತು ಕುರ್ಚಿಗಳ ಖರ್ಚು ನನಗಿರಲಿ.

ಗದಗ, ಎಂಜಿನಿಯರಿಂಗ್ ವಿದ್ಯಾರ್ಥಿ

ಅಧ್ಯಾಪಕರ ಉತ್ತರ ಓದಿದ ಮೇಲೆ ಎರಡು ದಿನ ಯೋಚಿಸಿದೆ. ನನ್ನ ಸೂಚನೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಅದರ ಬದಲು ಒಂದು ಕೆಲಸ ಒಪ್ಪಿಕೊಳ್ಳುತ್ತೇನೆ. ನಮ್ಮ ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳನ್ನು ಗದಗಿನ ಎಲ್ಲ ಮಕ್ಕಳೂ ನೋಡಿದ್ದಾರೆ. ಆ ರೆಕ್ಕೆಯನ್ನು ಅಡ್ಡ ಸೀಳಿದರೆ ಕಾಣುವ ಆಕಾರವೂ ವಿಮಾನದ ರೆಕ್ಕೆಯ ಆಕಾರವೂ ಒಂದೇ ಮನೆತನದವು. ಒಂದು ಬದಿ ಉಬ್ಬು, ಮುಂಭಾಗ ದುಂಡು, ಹಿಂಭಾಗ ತೆಳು. ಗುಡ್ಡದ ಮೇಲೆ ಗಾಳಿ ಬಂದು ರೆಕ್ಕೆಯನ್ನು ತಳ್ಳುತ್ತದೆ, ಆಕಾಶದಲ್ಲಿ ಎಂಜಿನ್ ರೆಕ್ಕೆಯನ್ನು ಗಾಳಿಯೊಳಗೆ ನುಗ್ಗಿಸುತ್ತದೆ. ಎರಡೂ ಕಡೆ ರೆಕ್ಕೆ ಗಾಳಿಯನ್ನು ಒಂದು ಕಡೆಗೆ ಬಾಗಿಸಿ ತಾನು ಇನ್ನೊಂದು ಕಡೆಗೆ ಬಲ ಪಡೆಯುತ್ತದೆ. ಥರ್ಮಾಕೋಲಿನಲ್ಲಿ ಇಂಥ ನಾಲ್ಕು ಆಕಾರ ಕೊರೆದು, ಟೇಬಲ್ ಫ್ಯಾನಿನ ಮುಂದೆ ತಕ್ಕಡಿಯ ಮೇಲಿಟ್ಟು, ಯಾವುದು ಹೆಚ್ಚು ಏಳುತ್ತದೆ ಎಂಬುದನ್ನು ಮಕ್ಕಳೇ ಅಳೆಯುವಂತೆ ಮಾಡುತ್ತೇನೆ. ರೈಟ್ ಸಹೋದರರು 1901ರಲ್ಲಿ ಮರದ ಪೆಟ್ಟಿಗೆಯೊಂದರಲ್ಲಿ ಗಾಳಿ ಹರಿಸಿ ಸುಮಾರು 200 ರೆಕ್ಕೆಗಳ ಮಾದರಿಗಳನ್ನು ಹೀಗೆಯೇ ಅಳೆದು ನೋಡಿದ್ದರೆಂದು ಮೊನ್ನೆ ಓದಿದೆ.

ಧಾರವಾಡ, ಭೌತಶಾಸ್ತ್ರದ ಅಧ್ಯಾಪಕಿ

ನಿನ್ನ ಮಾತು ಓದಿ ಬಹಳ ಸಂತೋಷವಾಯಿತು. ಆ ಟೇಬಲ್ಲಿನ ಪಕ್ಕದಲ್ಲಿಯೇ ನನ್ನದೂ ಒಂದು ಟೇಬಲ್ ಇರಲಿ.

1899ರ ಬೇಸಿಗೆಯಲ್ಲಿ ವಿಲ್ಬರ್ ತಮ್ಮ ಅಂಗಡಿಯಲ್ಲಿ ಸೈಕಲ್ಲಿನ ಟ್ಯೂಬು ಇರುವ ಉದ್ದನೆಯ ರಟ್ಟಿನ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು ಗಿರಾಕಿಯ ಜೊತೆ ಮಾತಾಡುತ್ತ ಅದನ್ನು ಸುಮ್ಮನೆ ತಿರುಚುತ್ತಿದ್ದರು. ಡಬ್ಬಿಯ ಒಂದು ತುದಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಬಾಗಿತು, ಆದರೂ ಡಬ್ಬಿ ಗಟ್ಟಿಯಾಗಿಯೇ ಇತ್ತು. ಎರಡು ಅಂತಸ್ತಿನ ರೆಕ್ಕೆಯನ್ನೂ ಹೀಗೆ ತಿರುಚಿದರೆ ಒಂದು ಬದಿ ಹೆಚ್ಚು ಏಳುತ್ತದೆ, ಇನ್ನೊಂದು ಇಳಿಯುತ್ತದೆ, ವಿಮಾನ ವಾಲಿದಾಗ ಸರಿಪಡಿಸಬಹುದು ಎಂದು ಅವರಿಗೆ ಹೊಳೆಯಿತು. ಉಳಿದವರು ಎಂಜಿನ್ನಿನ ಬಲದ ಹಿಂದೆ ಬಿದ್ದಿದ್ದಾಗ ಈ ಸಹೋದರರು ಮೊದಲು ಹಿಡಿತವನ್ನು ಹುಡುಕಿದರು, ನನ್ನ ದೃಷ್ಟಿಯಲ್ಲಿ ಅವರ ಹಿರಿಮೆ ಇರುವುದೇ ಅಲ್ಲಿ. ಇದನ್ನು ತೋರಿಸಲು ನಮಗೆ ಟ್ಯೂಬಿನ ಡಬ್ಬಿ ಬೇಕಿಲ್ಲ, ಧಾರವಾಡ ಪೇಢೆಯ ಖಾಲಿ ಡಬ್ಬಿ ಸಾಕು. ಎರಡೂ ತುದಿ ಕತ್ತರಿಸಿ ತೆಗೆದು, ಎದುರುಬದುರು ಮೂಲೆಗಳನ್ನು ಹಿಡಿದು ಹಗುರವಾಗಿ ತಿರುಚಿದರೆ ಎರಡನೆಯ ತರಗತಿಯ ಮಗುವಿಗೂ ತಿಳಿಯುತ್ತದೆ. ನಾನು ಮನೆಯಲ್ಲಿ ಅರ್ಧ ಕಿಲೋ ಡಬ್ಬಿಯಲ್ಲಿ ಮಾಡಿ ನೋಡಿದೆ. ಕಾಲು ಕಿಲೋದ್ದು ಗಿಡ್ಡ, ಸರಿಯಾಗಿ ಬಾಗುವುದಿಲ್ಲ.

ಇನ್ನೊಂದು ಹೆಸರನ್ನು ಮರೆಯಬಾರದು. ಸಹೋದರರ ತಂಗಿ ಕ್ಯಾಥರೀನ್ ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದರು. 1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮಾಯರ್ ಎಂಬ ಸೇನಾ ನೆಲೆಯಲ್ಲಿ ಆರ್ವಿಲ್ ಹಾರಿಸುತ್ತಿದ್ದ ವಿಮಾನ ಬಿದ್ದು, ಜೊತೆಗಿದ್ದ ಲೆಫ್ಟಿನೆಂಟ್ ಸೆಲ್ಫ್ರಿಜ್ ತೀರಿಕೊಂಡರು, ಆರ್ವಿಲ್ ಮೈಯೆಲ್ಲ ಗಾಯಗೊಂಡರು. ಕ್ಯಾಥರೀನ್ ಶಾಲೆಗೆ ರಜೆ ಹಾಕಿ ಆಸ್ಪತ್ರೆಯಲ್ಲಿ ವಾರಗಟ್ಟಲೆ ಅಣ್ಣನ ಹಾಸಿಗೆಯ ಪಕ್ಕ ಕೂತು ಆರೈಕೆ ಮಾಡಿದರು.

ಹಾವೇರಿ, ಪ್ರಾಥಮಿಕ ಶಾಲೆಯ ಶಿಕ್ಷಕಿ

ಕ್ಯಾಥರೀನ್ ಅವರ ಕಥೆಯನ್ನು ಮಕ್ಕಳಿಗೆ ನಾನು ಹೇಳುತ್ತೇನೆ. ಮೇ 24 ಬೇಸಿಗೆ ರಜೆಯಲ್ಲಿ ಬರುತ್ತದೆ, ಅಕ್ಟೋಬರ್ 15 ಹಲವು ವರ್ಷ ದಸರೆಯ ರಜೆಗೆ ಸಿಗುತ್ತದೆ. ಹಾಗಾಗಿ ಡಿಸೆಂಬರ್ 17ನ್ನೇ ಗಟ್ಟಿ ಮಾಡಿರಿ. ಬಿಸಿಲೂ ಹಿತವಾಗಿರುತ್ತದೆ. ನಮ್ಮ ಶಾಲೆಯಿಂದ ಮೂವತ್ತು ಮಕ್ಕಳು ಬರುತ್ತಾರೆ.

ಹುಬ್ಬಳ್ಳಿ, ನಿವೃತ್ತ ರೈಲ್ವೆ ವರ್ಕ್‌ಶಾಪ್ ನೌಕರ

ಎಲ್ಲರ ಮಾತು ಕೇಳಿ ನಿನ್ನೆ ಸಂಜೆ ಮತ್ತೆ ಕೂಡಿದ್ದೆವು. ಡಿಸೆಂಬರ್ 17ನ್ನೇ ಗಟ್ಟಿ ಮಾಡಿದೆವು. ಕ್ಯಾಪ್ಟನ್ ಗೋಪಿನಾಥ್ ಅವರ ಕೆಲಸದ ಬಗ್ಗೆ ಒಂದು ಪ್ರದರ್ಶನ, ಅದರಲ್ಲಿ ಗೆಲುವಿನ ಜೊತೆ ನಷ್ಟದ ಸಂಗತಿಯೂ ಇರುತ್ತದೆ. ಅವರನ್ನು ಎಲ್ಲಿಯೂ ಹುಬ್ಬಳ್ಳಿಯವರೆಂದು ಬರೆಯುವುದಿಲ್ಲ, ಹುಬ್ಬಳ್ಳಿಗೆ ವಿಮಾನ ತಂದವರಲ್ಲಿ ಒಬ್ಬರೆಂದು ಬರೆಯುತ್ತೇವೆ. ಉಷಾ ಸುಂದರಂ ಮತ್ತು ಬಳ್ಳಾರಿಯ ಟಪಾಲು ದಾರಿಗೆ ಒಂದೊಂದು ಫಲಕ. ವೇದಿಕೆಯ ಮೇಲೆ ಮೂರು ಏಲಕ್ಕಿ ಹಾರ. ಕುಂದಗೋಳದ ತಮ್ಮ ರಜೆ ಹಾಕಿ ಬರಲೇಬೇಕು, ಅವುಗಳಲ್ಲಿ ಒಂದು ಆತನ ಕೊರಳಿಗೆ. ಬರುವಾಗ ಸ್ಪಂಜಿನ ಗುಳಿಗಳಿರುವ ಒಂದು ಸಲಕರಣೆ ಪೆಟ್ಟಿಗೆಯನ್ನು ತೋರಿಸಲು ತಂದರೆ ಬಹಳ ಉಪಕಾರ.

ನಾನು ನನ್ನ ತಂದೆಯ ಮೈಕ್ರೋಮೀಟರನ್ನು ತರುತ್ತೇನೆ. ಅವರೂ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. ಹಿಡಿಕೆಯ ಮೇಲಿನ ಬಣ್ಣ ಹೆಬ್ಬೆರಳು ಕೂರುವಲ್ಲಿ ಪೂರ್ತಿ ಸವೆದಿದೆ, ಅಳತೆ ಮಾತ್ರ ಇಂದಿಗೂ ಸರಿಯಾಗಿದೆ. ಚಾರ್ಲಿ ಟೇಲರ್ ಅವರ ಬೆಂಚಿನ ಮಾದರಿಯ ಮೇಲೆ ಅದನ್ನಿಟ್ಟು, ಒಬ್ಬೊಬ್ಬ ಮಗುವಿನ ಕೈಗೂ ಕೊಟ್ಟು ಅವರದೇ ತಲೆಗೂದಲ ದಪ್ಪವನ್ನು ಅಳೆಸುತ್ತೇನೆ.

ಈಗ ಬೇಕಾಗಿರುವುದು ಪೇಢೆಯ ಖಾಲಿ ಡಬ್ಬಿಗಳು. ಹಾವೇರಿಯ ಮೂವತ್ತು, ನಮ್ಮ ಓಣಿಯ ಮೂವತ್ತು, ಒಟ್ಟು ಅರವತ್ತು ಮಕ್ಕಳಿಗೆ ಅರವತ್ತು ಡಬ್ಬಿ. ಅರ್ಧ ಕಿಲೋದ್ದೇ ಆಗಬೇಕು, ಮೂಲೆ ಹರಿದಿರಬಾರದು. ಮನೆಯಲ್ಲಿದ್ದವರು ಎಸೆಯದೆ ತೆಗೆದಿಟ್ಟು, ಡಿಸೆಂಬರ್ 10ರೊಳಗೆ ವಾಚನಾಲಯಕ್ಕೆ ತಲುಪಿಸಿರಿ.